ನಂಜನ್ನು ಕಳೆಯುವ ಯಕೃತ್ತು: ಅದನ್ನು ಅರಿತ ಇತಿಹಾಸ

ನಿಮ್ಮಲ್ಲಿ ಅರವತ್ತು ದಾಟಿದವರು ಹಳ್ಳಿಗಳಲ್ಲಿ ಕಾಮಣಿಯ ಬರೆಯನ್ನು ಕಂಡಿರಲೇಬೇಕು. ಕಣ್ಣು ಹಳದಿಯಾಯಿತು, ಮೂತ್ರ ಕೆಂಪಗಾಯಿತು, ಅನ್ನ ಸೇರದು ಎಂದೊಡನೆ ರೋಗಿಯನ್ನು ಬರೆ ಹಾಕುವವರಲ್ಲಿಗೆ ಕರೆದೊಯ್ಯುತ್ತಿದ್ದರು. ಕಾದ ಸರಳಿನಿಂದ ಮುಂಗೈಯ ಮೇಲೆ ಗೀರೆಳೆದು, ಎಣ್ಣೆ ಉಪ್ಪು ಬೇಳೆ ಯಾವುದೂ ಕೂಡದೆಂದು ಪಥ್ಯ ಹೇಳಿ ಕಳಿಸುತ್ತಿದ್ದರು. ಈ ಲೇಖಕನ ಸೋದರಮಾವನ ಎಡಗೈಯ ಮೇಲೆ ಅಂತಹ ಎರಡು ಗೀರುಗಳಿದ್ದವು. ಅವರು ಬದುಕಿದರು, ಬರೆಯಿಂದಲೇ ಬದುಕಿದೆನೆಂದು ಕೊನೆಯವರೆಗೂ ನಂಬಿದ್ದರು. ಅದೇ ಮಳೆಗಾಲದಲ್ಲಿ, ಅದೇ ಓಣಿಯಲ್ಲಿ, ಅದೇ ಸರಳಿನಿಂದ ಬರೆ ಹಾಕಿಸಿಕೊಂಡ ತುಂಬು ಬಸುರಿಯೊಬ್ಬಳು ಹತ್ತು ದಿನವೂ ಉಳಿಯಲಿಲ್ಲ. ಒಬ್ಬರು ಉಳಿದು ಒಬ್ಬರು ಅಳಿದುದೇಕೆಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೇಳಬಲ್ಲವರು ಆ ಸೀಮೆಯಲ್ಲಿರಲಿಲ್ಲ.

ಶರೀರವನ್ನು ಸೇರಿದ ನಂಜನ್ನು ಕಳೆಯುವ ಅಂಗ ಯಕೃತ್ತು ಎಂಬುದನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆದರೆ ಹೇಗೆ ಕಳೆಯುತ್ತದೆ ಎಂದು ಕೇಳಿದರೆ ವಿದ್ಯಾವಂತರಲ್ಲಿಯೂ ಬಹುಮಂದಿ ಅದನ್ನು ಹಾಲು ಸೋಸುವ ಬಟ್ಟೆಗೆ ಹೋಲಿಸುತ್ತಾರೆ. ಕಸ ಮೇಲೆ ನಿಲ್ಲುತ್ತದೆ, ಹಾಲು ಕೆಳಗಿಳಿಯುತ್ತದೆ. ಬಟ್ಟೆ ಕೊಳೆಯಾದರೆ ಒಗೆದು ಹರವಿದರಾಯಿತು ಎಂಬ ಭಾವನೆ. 'ಲಿವರ್ ತೊಳೆಯುವ' ಪುಡಿ, ಕಷಾಯ, ಗುಳಿಗೆಗಳ ವ್ಯಾಪಾರವೆಲ್ಲ ಈ ಹೋಲಿಕೆಯ ಮೇಲೆಯೇ ನಿಂತಿದೆ. ಹೋಲಿಕೆ ತಪ್ಪಾದುದು. ಯಕೃತ್ತು ನಂಜನ್ನು ಸೋಸಿ ಇಟ್ಟುಕೊಳ್ಳುವುದಿಲ್ಲ; ಅದನ್ನು ಬೇರೊಂದು ಪದಾರ್ಥವಾಗಿ ಮಾರ್ಪಡಿಸುತ್ತದೆ. ಆ ಮಾರ್ಪಾಟಿನಲ್ಲಿ ನಂಜು ಬಹುಮಟ್ಟಿಗೆ ನಿರಪಾಯವಾಗುವುದು. ಕೆಲವೊಮ್ಮೆ ನಿರಪಾಯವಾದುದೇ ನಂಜಾಗುವುದೂ ಉಂಟು. ಈ ಒಂದು ಸಂಗತಿಯನ್ನು ಚೆನ್ನಾಗಿ ಅರಿಯಲು ಮನುಷ್ಯನಿಗೆ ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು. ಆ ಇತಿಹಾಸವನ್ನೇ ಇಲ್ಲಿ ತಮ್ಮ ಮುಂದಿಡಲಾಗಿದೆ.

ಯಕೃತ್ತನ್ನು ಪೂರ್ವಿಕರು ಕಡೆಗಣಿಸಿದ್ದರೆಂದು ತಿಳಿಯಬಾರದು. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋ ತೂಗುವ, ರಕ್ತದಿಂದ ತೊಯ್ದ ಈ ಅಂಗ ಅವರ ಗಮನ ಸೆಳೆಯದೆ ಇರಲು ಸಾಧ್ಯವಿರಲಿಲ್ಲ. ಬ್ಯಾಬಿಲೋನಿಯದ ಪುರೋಹಿತರು ಬಲಿಕೊಟ್ಟ ಕುರಿಯ ಈಲಿಯನ್ನು ನೋಡಿ ರಾಜನಿಗೆ ಶಕುನ ಹೇಳುತ್ತಿದ್ದರು. ಆ ವಿದ್ಯೆಯನ್ನು ಕಲಿಸಲು ಮಾಡಿದ ಮಣ್ಣಿನ ಈಲಿಯೊಂದು, ಮೈತುಂಬ ಗೆರೆ ಬರಹಗಳಿಂದ ಕೂಡಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಅದು ಕ್ರಿ.ಪೂ. 1900 ಮತ್ತು 1600ರ ನಡುವಿನದು. ಇಟಲಿಯ ಎಟ್ರಸ್ಕನ್ನರದೂ ಅದೇ ನಂಬಿಕೆ. ಅವರ ಕಂಚಿನ ಈಲಿ 1877ರಲ್ಲಿ ಪಿಯಾಚೆಂಜಾ ನಗರದ ಬಳಿ ದೊರೆಯಿತು. ಈ 1877ನ್ನು ನೆನಪಿನಲ್ಲಿಡಿರಿ. ಅದೇ ವರ್ಷ ರಷ್ಯಾದಲ್ಲಿ ನಡೆದ ಇನ್ನೊಂದು ಕಾರ್ಯದ ಪ್ರಸ್ತಾಪ ಮುಂದೆ ಬರುತ್ತದೆ.

ನಮ್ಮ ಆಯುರ್ವೇದದವರು ಶಕುನದ ಗೊಡವೆಗೆ ಹೋಗದೆ ಈ ಅಂಗದ ಕೆಲಸವೇನೆಂದು ವಿಚಾರಿಸಿದರು. ಆಹಾರದಿಂದಾದ ರಸಧಾತು ಯಕೃತ್ತು ಮತ್ತು ಪ್ಲೀಹಗಳನ್ನು ಸೇರಿ ಅಲ್ಲಿ ಕೆಂಪಾಗಿ ರಕ್ತವೆನಿಸುತ್ತದೆ ಎಂಬುದು ಸುಶ್ರುತನ ಮತ. ಚರಕ ಸಂಹಿತೆಯು ಪಾಂಡುರೋಗವನ್ನೂ ಕಾಮಲಾ ರೋಗವನ್ನೂ ಒಂದೇ ಅಧ್ಯಾಯದಲ್ಲಿ ವಿವರಿಸುತ್ತದೆ; ನಮ್ಮ ಕಾಮಾಲೆ ಎಂಬ ಮಾತು ಆ ಕಾಮಲೆಯೇ. ಅತ್ತ ರೋಮನ್ ಸಾಮ್ರಾಜ್ಯದಲ್ಲಿ ಕ್ರಿ.ಶ. ಎರಡನೆಯ ಶತಮಾನದ ಗೇಲನ್ ಎಂಬ ಗ್ರೀಕ್ ವೈದ್ಯನು ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿದನು: ಜೀರ್ಣವಾದ ಆಹಾರ ಕರುಳಿನಿಂದ ಯಕೃತ್ತಿಗೆ ಬಂದು ಅಲ್ಲಿ ರಕ್ತವಾಗುತ್ತದೆ. ಇಬ್ಬರೂ ಒಂದಂಶದಲ್ಲಿ ಸರಿಯಾಗಿಯೇ ಕಂಡಿದ್ದರು. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ ಮೊದಲು ಯಕೃತ್ತನ್ನು ಹೊಗುತ್ತದೆ. ಊರನ್ನು ಹೊಗುವ ಮುನ್ನ ಬಂಡಿಗಳೆಲ್ಲ ಸುಂಕದ ಕಟ್ಟೆಯಲ್ಲಿ ನಿಲ್ಲುವಂತೆ, ನಾವು ಉಂಡುದು, ಕುಡಿದುದು, ನುಂಗಿದ ಗುಳಿಗೆ ಬಹುಪಾಲು ಈ ಒಂದು ದಾರಿಯಿಂದಲೇ ಹಾಯಬೇಕು. ಆ ದಾರಿಗೆ ಪೋರ್ಟಲ್ ಅಭಿಧಮನಿ ಎಂದು ಹೆಸರು. ಪ್ರತಿ ನಿಮಿಷವೂ ಯಕೃತ್ತಿಗೆ ಬರುವ ಸುಮಾರು ಒಂದೂವರೆ ಲೀಟರ್ ರಕ್ತದಲ್ಲಿ ಮುಕ್ಕಾಲು ಪಾಲು ಈ ನಾಳದ್ದೇ.

ಗೇಲನ್ನನ ಮಾತು ಯುರೋಪಿನಲ್ಲಿ ಸುಮಾರು ಸಾವಿರದ ನಾಲ್ಕುನೂರು ವರ್ಷ ವೇದವಾಕ್ಯವಾಗಿತ್ತು. 1628ರಲ್ಲಿ ಇಂಗ್ಲೆಂಡಿನ ಹಾರ್ವೆ ರಕ್ತವು ಹೃದಯದಿಂದ ಹೊರಟು ಮರಳಿ ಹೃದಯಕ್ಕೇ ಸೇರುವುದೆಂದು ತೋರಿಸಿದನು. ಆಹಾರದ ಸಾರವನ್ನು ಹೊತ್ತ ಬಿಳಿಯ ದ್ರವ ಬೇರೆ ನಾಳಗಳ ಮೂಲಕ ಯಕೃತ್ತನ್ನು ಬಿಟ್ಟು ಹೋಗುವುದೆಂಬುದು ಕೆಲವೇ ವರ್ಷಗಳಲ್ಲಿ ಕಂಡುಬಂದಿತು. ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ 1653ರಲ್ಲಿ ಯಕೃತ್ತಿನ ರಾಜ್ಯಭಾರ ಮುಗಿಯಿತೆಂದು ಸಾರಿ, ಅದಕ್ಕೊಂದು ಚರಮಲೇಖವನ್ನೇ ಬರೆದನು! ವಿದ್ವಾಂಸರ ಪರಿಹಾಸವೂ ಎಷ್ಟು ದೂರ ಹೋಗಬಲ್ಲದು ನೋಡಿರಿ. ಆ ಬಳಿಕ ಇನ್ನೂರು ವರ್ಷಗಳ ಕಾಲ ಯಕೃತ್ತಿಗೆ ಉಳಿದದ್ದು ಪಿತ್ತರಸ ಸುರಿಸುವ ಕಾಯಕವೊಂದೇ.

ಅದನ್ನು ಮರಳಿ ಪೀಠಕ್ಕೇರಿಸಿದವನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. 1848ರಲ್ಲಿ ಅವನು ಮಾಂಸವನ್ನಷ್ಟೇ ತಿಂದ ನಾಯಿಯ ರಕ್ತವನ್ನು ಪರೀಕ್ಷಿಸಿದಾಗ ಯಕೃತ್ತಿನಿಂದ ಹೊರಬರುವ ರಕ್ತದಲ್ಲಿ ಸಕ್ಕರೆಯಿತ್ತು. ಸಕ್ಕರೆ ತಿನ್ನದ ಪ್ರಾಣಿಯಲ್ಲಿ ಸಕ್ಕರೆ ಎಲ್ಲಿಂದ ಬಂದಿತು? ಯಕೃತ್ತೊಂದನ್ನು ಹೊರತೆಗೆದು, ಅದರ ನಾಳಗಳಲ್ಲಿ ನೀರು ಹರಿಸಿ, ಸಕ್ಕರೆಯ ಸುಳಿವೂ ಉಳಿಯದಂತೆ ತೊಳೆದಿಟ್ಟನು. ಮರುದಿನ ನೋಡಿದರೆ ಅದೇ ಯಕೃತ್ತಿನಲ್ಲಿ ಸಕ್ಕರೆ ಮತ್ತೆ ಕಾಣಿಸಿಕೊಂಡಿತ್ತು. ತನ್ನೊಳಗೆ ಕೂಡಿಟ್ಟ ಪದಾರ್ಥವೊಂದನ್ನು ಯಕೃತ್ತು ಸಕ್ಕರೆಯಾಗಿ ಮಾರ್ಪಡಿಸುತ್ತದೆಂದು ಸಿದ್ಧವಾಯಿತು. ಗ್ಲೈಕೋಜನ್ ಎಂಬ ಆ ಪದಾರ್ಥವನ್ನು 1857ರಲ್ಲಿ ಬೇರ್ಪಡಿಸಿಯೂ ತೋರಿಸಿದನು. ಒಂದು ವಸ್ತುವನ್ನು ಇನ್ನೊಂದಾಗಿ ಮಾಡುವ ಕಾರ್ಯಾಗಾರ ನಮ್ಮೊಳಗೆ ಇದೆ ಎಂಬ ಅರಿವು ಇಲ್ಲಿಂದ ಮೊದಲಾಯಿತೆನ್ನಬಹುದು.

ನಂಜಿನ ವಿಷಯದಲ್ಲಿ ಇದೇ ಅರಿವು ಬಂದುದು ಬಹು ವಿಚಿತ್ರವಾದ ಮೂಲದಿಂದ. ಕುದುರೆಯ ಮೂತ್ರದಲ್ಲಿ ಹಿಪ್ಯೂರಿಕ್ ಆಮ್ಲ ಎಂಬ ಪದಾರ್ಥವುಂಟು. ಹಿಪ್ಪೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಕುದುರೆ. ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರನ ಪ್ರಯೋಗಶಾಲೆಯಲ್ಲಿ ಕೆಲ್ಲರ್ ಎಂಬ ತರುಣನು 1842ರಲ್ಲಿ ಲೋಬಾನದಿಂದ ದೊರೆಯುವ ಬೆಂಜೋಯಿಕ್ ಆಮ್ಲವನ್ನು ತಾನೇ ಸೇವಿಸಿ, ತನ್ನ ಮೂತ್ರವನ್ನು ಪರೀಕ್ಷಿಸಿದನು. ನುಂಗಿದುದು ಹಾಗೆಯೇ ಹೊರಬಂದಿರಲಿಲ್ಲ. ಅದು ಹಿಪ್ಯೂರಿಕ್ ಆಮ್ಲವಾಗಿ ಹೊರಬಂದಿತ್ತು. ಶರೀರವು ಆ ಹೊರಗಿನ ಪದಾರ್ಥಕ್ಕೆ ಗ್ಲೈಸೀನ್ ಎಂಬ ತನ್ನದೇ ವಸ್ತುವನ್ನು ಜೋಡಿಸಿ ಸಾಗಹಾಕಿತ್ತು. ಕರೆಯದೆ ಬಂದ ಅತಿಥಿಗೆ ಕೈಗೊಂದು ಬುತ್ತಿ ಕಟ್ಟಿಕೊಟ್ಟು ಊರ ಹೊರಗೆ ಬಿಟ್ಟು ಬಂದಂತೆ! ಮನುಷ್ಯನಲ್ಲಿ ಈ ಜೋಡಣೆ ಮುಖ್ಯವಾಗಿ ನಡೆಯುವುದು ಯಕೃತ್ತಿನಲ್ಲಿಯೇ. ಆದುದರಿಂದಲೇ 1933ರಲ್ಲಿ ಅಮೆರಿಕದ ಕ್ವಿಕ್ ಎಂಬ ವೈದ್ಯನು ಇದನ್ನು ರೋಗಿಯ ಯಕೃತ್ತು ಎಷ್ಟು ಶಕ್ತವಾಗಿದೆ ಎಂದು ಅಳೆಯುವ ಪರೀಕ್ಷೆಯನ್ನಾಗಿ ಬಳಸಿದನು.

ಈಗ 1877ಕ್ಕೆ ಬರೋಣ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಎಕ್ ಎಂಬ ಸೈನ್ಯದ ವೈದ್ಯನಿದ್ದನು. ಯಕೃತ್ತು ಗಡುಸಾಗಿ ಜಲೋದರವಾದವರ ಹೊಟ್ಟೆಯ ನೀರನ್ನು ಇಳಿಸಲು ಅವನು ಒಂದು ಉಪಾಯ ಹೂಡಿದನು. ಪೋರ್ಟಲ್ ಅಭಿಧಮನಿಯನ್ನು ಯಕೃತ್ತಿನ ಬಾಗಿಲಲ್ಲಿ ಕಟ್ಟಿ, ಅದರ ರಕ್ತವನ್ನು ಪಕ್ಕದ ದೊಡ್ಡ ನಾಳಕ್ಕೆ ತಿರುಗಿಸಿಬಿಡುವುದು. ಅಂದರೆ ಸುಂಕದ ಕಟ್ಟೆಯನ್ನು ಬಳಸಿಕೊಂಡು ಹೋಗುವ ಅಡ್ಡದಾರಿ ಕಡಿಯುವುದು. ಎಂಟು ನಾಯಿಗಳ ಮೇಲೆ ಶಸ್ತ್ರಕ್ರಿಯೆ ಮಾಡಿದನು. ಏಳು ಬೇಗನೆ ಸತ್ತವು. ಎಂಟನೆಯದು ಎರಡೂವರೆ ತಿಂಗಳು ಬದುಕಿದ್ದು ಪ್ರಯೋಗಶಾಲೆಯಿಂದ ಓಡಿಹೋಯಿತು. ಈ ಉಪಾಯವನ್ನು ಮನುಷ್ಯರಿಗೂ ಮಾಡಬಹುದೆಂಬ ನಿರ್ಧಾರಕ್ಕೆ ಎಕ್ ಬಂದನು. ಓಡಿಹೋದ ನಾಯಿಯ ಪಾಡು ಮುಂದೇನಾಯಿತೆಂದು ಯಾರಿಗೂ ತಿಳಿಯದು.

ಅದರ ಪಾಡು ಏನಾಗಿರಬಹುದೆಂಬುದನ್ನು ಲೋಕಕ್ಕೆ ತಿಳಿಸಿದವನು ಅದೇ ನಗರದ ಇವಾನ್ ಪಾವ್ಲೋವ್. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಗಳ ಕಥೆಯಿಂದ ಈ ಹೆಸರು ನಿಮಗೆ ಪರಿಚಿತವಿದ್ದೀತು. ಅವನೂ ಅವನ ಸಹೋದ್ಯೋಗಿಗಳೂ ಎಕ್‌ನ ಶಸ್ತ್ರಕ್ರಿಯೆಯನ್ನು ಹೆಚ್ಚು ನೈಪುಣ್ಯದಿಂದ ಮಾಡಿ ನಾಯಿಗಳನ್ನು ಬದುಕಿಸಿಕೊಂಡರು. ಫಲಿತಾಂಶವನ್ನು 1893ರಲ್ಲಿ ಪ್ರಕಟಿಸಿದರು. ಬದುಕಿದ ನಾಯಿಗಳ ಸ್ವಭಾವವೇ ಬದಲಾಗಿತ್ತು. ಸಾಧುವಾದ ನಾಯಿ ಸಾಕಿದವರ ಮೇಲೆಯೇ ಎರಗುತ್ತಿತ್ತು. ಕಾಲು ತಡವರಿಸುತ್ತಿತ್ತು, ಕಣ್ಣು ಕಾಣದಾಗುತ್ತಿತ್ತು. ಸೆಳವು ಬಂದು ಮಂಪರಿಗೆ ಬೀಳುತ್ತಿತ್ತು. ವಿಶೇಷವಾಗಿ ಮಾಂಸ ತಿಂದ ಬಳಿಕ ಹೀಗಾಗುತ್ತಿತ್ತು. ಆಹಾರವೇ ಅವಕ್ಕೆ ನಂಜಾಗಿ ಪರಿಣಮಿಸಿತ್ತು. ಪ್ರೋಟೀನು ಕೊಳೆತಾಗ ಕರುಳಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಹಟ್ಟಿಯಲ್ಲಿ ಗಂಜಳದ ನೆಲದಿಂದ ಮೂಗಿಗೆ ಇರಿಯುವ ವಾಸನೆಯಿದೆಯಲ್ಲ, ಅದೇ ಅಮೋನಿಯಾ. ಅದು ಮಿದುಳಿಗೆ ಮುಟ್ಟದಂತೆ ಹಿಡಿದು ಯೂರಿಯಾ ಎಂಬ ನಿರಪಾಯದ ಪದಾರ್ಥವಾಗಿ ಮಾರ್ಪಡಿಸುವುದು ಯಕೃತ್ತಿನ ಕೆಲಸ. ಯಕೃತ್ತಿನಲ್ಲಿ ಅಮೋನಿಯಾ ಯೂರಿಯಾ ಆಗುವುದನ್ನು ಶ್ರೋಡರ್ ಎಂಬಾತನು 1882ರಲ್ಲಿಯೇ ಕಂಡಿದ್ದನು. ಯಕೃತ್ತನ್ನು ಬಳಸಿ ಹೋದ ರಕ್ತದಲ್ಲಿ ಅಮೋನಿಯಾ ಹಾಗೆಯೇ ಉಳಿದು ಮಿದುಳನ್ನು ಕೆಡಿಸುತ್ತಿತ್ತು. ಇದೇ ಸ್ಥಿತಿ ಯಕೃತ್ತು ಕೆಟ್ಟ ಮನುಷ್ಯನಿಗೂ ಬರುತ್ತದೆ.

ಯೂರಿಯಾ ಹೇಗೆ ತಯಾರಾಗುತ್ತದೆ ಎಂಬ ಮೆಟ್ಟಿಲುಗಳನ್ನು 1932ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಹಾನ್ಸ್ ಕ್ರೆಬ್ಸ್ ತನ್ನ ಶಿಷ್ಯ ಹೆನ್ಸೆಲೀಟನೊಡನೆ ಬಿಡಿಸಿ ತೋರಿಸಿದನು. ಮರುವರ್ಷವೇ ಯಹೂದಿಯೆಂಬ ಕಾರಣಕ್ಕೆ ಹಿಟ್ಲರನ ಆಡಳಿತ ಅವನನ್ನು ಕೆಲಸದಿಂದ ತೆಗೆದುಹಾಕಿತು. ಅವನು ಇಂಗ್ಲೆಂಡಿಗೆ ಹೋಗಿ ಅಲ್ಲಿ ನೊಬೆಲ್ ಬಹುಮಾನದ ತನಕ ಬೆಳೆದನು. ಇದು ನಮ್ಮ ವಿಷಯಕ್ಕೆ ಹೊರಗಿನದು, ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಬಿಡಿಬಿಡಿಯಾಗಿದ್ದ ಈ ಸಂಗತಿಗಳನ್ನು ಒಂದು ದಾರದಲ್ಲಿ ಪೋಣಿಸಿದವನು ವೇಲ್ಸ್ ಸೀಮೆಯ ರಿಚರ್ಡ್ ಟೆಕ್ವಿನ್ ವಿಲಿಯಮ್ಸ್. ನಂಜು ಕಳೆಯುವ ಕ್ರಮಗಳನ್ನು ಕುರಿತು ಅವನು 1947ರಲ್ಲಿ ಬರೆದ ಗ್ರಂಥವೇ ಈ ಶಾಸ್ತ್ರಕ್ಕೆ ತಳಹದಿ. 1959ರ ಎರಡನೆಯ ಮುದ್ರಣದಲ್ಲಿ ಅವನು ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆಂದು ವಿವರಿಸಿದನು. ಮೊದಲ ಹಂತದಲ್ಲಿ ಹೊರಗಿನ ಪದಾರ್ಥವನ್ನು ತುಸು ಕೆತ್ತಿ, ಆಮ್ಲಜನಕವನ್ನೋ ಮತ್ತೊಂದನ್ನೋ ಸೇರಿಸಿ, ಹಿಡಿಯಲು ಬರುವಂತೆ ಅದಕ್ಕೊಂದು ಕಿವಿ ಮಾಡುವುದು. ಎರಡನೆಯ ಹಂತದಲ್ಲಿ ಆ ಕಿವಿಗೆ ಶರೀರದ್ದೇ ಆದ ವಸ್ತುವೊಂದನ್ನು ಕಟ್ಟುವುದು. ಕೆಲ್ಲರನ ಹೊಟ್ಟೆಯಲ್ಲಿ ನಡೆದದ್ದು ಇದೇ. ಹಾಗೆ ಕಟ್ಟಿದ ಬಳಿಕ ಪದಾರ್ಥ ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರದಲ್ಲಿಯೋ ಪಿತ್ತರಸದಲ್ಲಿಯೋ ಹೊರಬೀಳುತ್ತದೆ. ಮೊದಲ ಹಂತದ ಕೆಲಸ ಮಾಡುವ ಕಿಣ್ವಗಳ ಕುಟುಂಬವೊಂದಕ್ಕೆ ಜಪಾನಿನ ಓಮುರಾ ಮತ್ತು ಸಾಟೋ 1962ರಲ್ಲಿ ಪಿ-450 ಎಂದು ಹೆಸರಿಟ್ಟರು. ಮನುಷ್ಯನಲ್ಲಿ ಈ ಕುಟುಂಬಕ್ಕೆ 57 ಜೀನುಗಳಿವೆ.

ವಾಚಕರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೊದಲ ಹಂತ ಮುಗಿದು ಎರಡನೆಯದು ಇನ್ನೂ ಆಗದಿರುವ ನಡುಗಾಲದಲ್ಲಿ ಪದಾರ್ಥ ಮೊದಲಿಗಿಂತ ಹೆಚ್ಚು ಕ್ರೂರವಾಗಿರಬಹುದು. 'ನಂಜು ಕಳೆಯುವುದು' ಎಂಬ ಹೆಸರು ಪೂರಾ ಒಪ್ಪುವುದಿಲ್ಲವೆಂದು ವಿಲಿಯಮ್ಸನೇ ಎಚ್ಚರಿಸಿದ್ದನು. ಕಿಣ್ವಕ್ಕೆ ಒಳಿತು ಕೆಡುಕುಗಳ ವಿವೇಕವಿಲ್ಲ. ತನ್ನ ಅಚ್ಚಿಗೆ ಹೊಂದುವ ವಸ್ತು ಎದುರಿಗೆ ಬಂದರೆ ಅದು ಕೆತ್ತುತ್ತದೆ, ಅಷ್ಟೆ.

ಇದರ ಘೋರ ನಿದರ್ಶನ ನಮ್ಮ ನಾಡಿನಲ್ಲಿಯೇ ನಡೆದಿದೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿಯ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ ಅದೇ ರೀತಿ ಹೋದರು. ಅಂತಹ ಹೆಂಡದಲ್ಲಿ ಬೆರೆತಿರುವುದು ಮಿಥೈಲ್ ಆಲ್ಕೋಹಾಲ್, ವಾರ್ನಿಷು ಬಣ್ಣಗಳ ಕಾರ್ಖಾನೆಗಳಲ್ಲಿ ಬಳಸುವ ದ್ರವ. ಈ ದ್ರವ ಇದ್ದಂತೆಯೇ ಇದ್ದರೆ ಅಮಲು ತರಿಸುವುದಕ್ಕಿಂತ ಹೆಚ್ಚಿನ ಕೇಡನ್ನು ಅಷ್ಟಾಗಿ ಮಾಡದು. ಅದನ್ನು ಕೊಲೆಗಾರನನ್ನಾಗಿ ಮಾಡುವುದು ಕುಡಿದವನ ಯಕೃತ್ತೇ. ಸಾಮಾನ್ಯ ಮದ್ಯವನ್ನು ಕೆತ್ತುವ ಕಿಣ್ವವೇ ಇದನ್ನೂ ಕೆತ್ತುತ್ತದೆ. ಮೊದಲು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಮಾಡುತ್ತದೆ. ಕೆಂಪಿರುವೆಯ ಕಡಿತದಲ್ಲಿ ಉರಿಯುವ ಆಮ್ಲವೇ ಇದು. ರಕ್ತದಲ್ಲಿ ಕೂಡಿಬಂದ ಈ ಆಮ್ಲ ಕಣ್ಣಿನ ನರವನ್ನು ಕೆಡಿಸುತ್ತದೆ, ಉಸಿರಾಟವನ್ನು ಕೆಡಿಸುತ್ತದೆ. ಕುಡಿದವನು ರಾತ್ರಿ ಮನೆಗೆ ಬಂದು ಮಲಗಿ, ಬೆಳಿಗ್ಗೆ ಎದ್ದು 'ಮಂಜು ಕವಿದಂತೆ ಕಾಣುತ್ತಿದೆ' ಎನ್ನುವುದು ಇದರಿಂದಲೇ. ಯಕೃತ್ತು ತನ್ನ ಕೆಲಸ ಮಾಡಲು ಅಷ್ಟು ಹೊತ್ತು ಬೇಕು. ಆ ಅವಧಿಯಲ್ಲಿ ಆಸ್ಪತ್ರೆಗೆ ಬಂದವನಿಗೆ ವೈದ್ಯರು ಯಕೃತ್ತಿನ ಆ ಕಿಣ್ವವನ್ನು ತಡೆಯುವ ಔಷಧಿ ಕೊಡುತ್ತಾರೆ. ಯಕೃತ್ತನ್ನು ಚುರುಕುಗೊಳಿಸುವುದಲ್ಲ, ಸುಮ್ಮನಿರಿಸುವುದೇ ಅಲ್ಲಿ ಚಿಕಿತ್ಸೆ! 'ಯಕೃತ್ತನ್ನು ಹುರಿದುಂಬಿಸುತ್ತದೆ' ಎಂದು ಮಾರುವ ಗುಳಿಗೆಗಳನ್ನು ಕಂಡಾಗಲೆಲ್ಲ ಈ ಸಂಗತಿ ನನ್ನ ನೆನಪಿಗೆ ಬರುತ್ತದೆ.

ಕಳ್ಳಭಟ್ಟಿ ನಮ್ಮ ವಾಚಕರಿಗೆ ದೂರದ ಮಾತು. ಆದರೆ ಜ್ವರದ ಗುಳಿಗೆ ದೂರದ್ದಲ್ಲ. ಪ್ಯಾರಸಿಟಮಾಲ್ ಯೋಗ್ಯ ಪ್ರಮಾಣದಲ್ಲಿ ಬಹು ಸುರಕ್ಷಿತವಾದ ಔಷಧಿ. ಅತಿಯಾಗಿ ನುಂಗಿದವರ ಯಕೃತ್ತು ಸಾಯುತ್ತದೆ ಎಂಬ ವರದಿ 1966ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಬಂದಿತು. ಏಕೆಂಬುದನ್ನು 1973ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ಗುಳಿಗೆಯ ಬಹುಪಾಲು ನೇರವಾಗಿ ಎರಡನೆಯ ಹಂತಕ್ಕೆ ಹೋಗಿ ಹೊರಬೀಳುತ್ತದೆ. ಒಂದು ಸಣ್ಣ ಪಾಲನ್ನು ಮಾತ್ರ ಪಿ-450 ಕೆತ್ತಿ ಉಗ್ರ ಪದಾರ್ಥವನ್ನಾಗಿ ಮಾಡುತ್ತದೆ. ಗ್ಲುಟಾಥಯೋನ್ ಎಂಬ ಕಾವಲುಗಾರ ಅದನ್ನು ಕೂಡಲೇ ಹಿಡಿದು ಕಟ್ಟುತ್ತಾನೆ. ಗುಳಿಗೆ ಅತಿಯಾದಾಗ ಕಾವಲುಗಾರರು ತೀರಿಹೋಗುತ್ತಾರೆ. ಉಗ್ರ ಪದಾರ್ಥ ತನ್ನನ್ನು ಹೆತ್ತ ಜೀವಕೋಶವನ್ನೇ ಸುಡುತ್ತದೆ. ಆಗ ಸಕಾಲದಲ್ಲಿ ಅಸಿಟೈಲ್‌ಸಿಸ್ಟೀನ್ ಕೊಟ್ಟರೆ ಹೊಸ ಕಾವಲು ಹುಟ್ಟಿ ರೋಗಿ ಉಳಿಯುತ್ತಾನೆ. ಇದೂ ಎಪ್ಪತ್ತರ ದಶಕದ ಕೊಡುಗೆಯೇ.

ಆದುದರಿಂದ ಲೆಕ್ಕವಿಟ್ಟುಕೊಳ್ಳಿರಿ. ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ ನಾಲ್ಕು ಗ್ರಾಮ್ ಮೇಲ್ಮಿತಿ; ಅಂದರೆ 650 ಮಿಲಿಗ್ರಾಮಿನ ಗುಳಿಗೆ ಆರಕ್ಕಿಂತ ಹೆಚ್ಚು ಸಲ್ಲದು. ನೆಗಡಿ ಕೆಮ್ಮುಗಳ ಬೆರಕೆ ಔಷಧಿಗಳಲ್ಲಿಯೂ ಪ್ಯಾರಸಿಟಮಾಲ್ ಅಡಗಿರುತ್ತದೆ. ಒಂದನ್ನು ಜ್ವರಕ್ಕೆ, ಇನ್ನೊಂದನ್ನು ನೆಗಡಿಗೆ, ಮತ್ತೊಂದನ್ನು ಮೈಕೈನೋವಿಗೆ ನುಂಗುವವನು ಅರಿಯದೆಯೇ ಮಿತಿ ಮೀರುತ್ತಾನೆ. ದಿನನಿತ್ಯ ಮದ್ಯ ಕುಡಿಯುವವನಲ್ಲಿ ಕೆತ್ತುವ ಕಿಣ್ವ ಹೆಚ್ಚಿರುತ್ತದೆ, ಉಪವಾಸದಿಂದ ಬಡಕಲಾದವನಲ್ಲಿ ಕಾವಲು ಕಡಿಮೆಯಿರುತ್ತದೆ. ಇಬ್ಬರಿಗೂ ಮಿತಿ ಇನ್ನೂ ಕೆಳಗೆ. ಕ್ಷಯರೋಗದ ಔಷಧಿಗಳೂ ಕೆಲವರ ಯಕೃತ್ತಿಗೆ ತಾಗುತ್ತವೆ. ಹಾಗೆಂದು ತಾವಾಗಿಯೇ ನಿಲ್ಲಿಸಬಾರದು. ವಾಂತಿಯಾದರೆ, ಕಣ್ಣು ಹಳದಿಯಾದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಇನ್ನು ಶೇಂಗಾ ಮತ್ತು ಗೋವಿನಜೋಳದ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಮರಿಗಳು ಸತ್ತವು. ಹುಡುಕಿದಾಗ ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಬೆಳೆದಿತ್ತು. ಆ ಬೂಷ್ಟಿನ ನಂಜಿಗೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಕಡೆಯ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಮತ್ತು ಜಲೋದರ ಕಾಣಿಸಿಕೊಂಡವು. ಆ ಹಳ್ಳಿಗಳ ನಾಯಿಗಳೂ ಸತ್ತವು. ಅಕಾಲದ ಮಳೆಯಲ್ಲಿ ತೊಯ್ದ ಗೋವಿನಜೋಳವನ್ನು ಬೇರೆ ಕಾಳಿಲ್ಲದ ಬಡವರು ತಿಂದಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಪರಿಶೀಲಿಸಿದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡಿದ್ದರು. ಅಫ್ಲಟಾಕ್ಸಿನ್ ಕೂಡ ಯಕೃತ್ತಿನ ಕೆತ್ತನೆಯಿಂದಲೇ ಉಗ್ರವಾಗುವುದು. ಸ್ವಲ್ಪಸ್ವಲ್ಪವಾಗಿ ಬಹುಕಾಲ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಕುದಿಸಿದರೆ, ಹುರಿದರೆ ಅದು ಪೂರ್ತಿ ನಾಶವಾಗದು. ಉತ್ತರ ಕರ್ನಾಟಕದ ನಮ್ಮ ರೈತ ಬಂಧುಗಳು ಶೇಂಗಾವನ್ನು ಚೆನ್ನಾಗಿ ಒಣಗಿಸಿಯೇ ಚೀಲ ತುಂಬಬೇಕು. ಬಾಯಿಗೆ ಕಹಿಯಾದ, ಮುರುಟಿದ, ಹಸುರು ಬೂಷ್ಟು ಹಿಡಿದ ಕಾಳನ್ನು 'ಹಾಳಾಗುತ್ತದಲ್ಲಾ' ಎಂದು ಚಟ್ನಿಪುಡಿಗೆ ಕುಟ್ಟುವ ಮಿತವ್ಯಯ ಬೇಡ. ಅದನ್ನು ದನಕ್ಕೂ ಹಾಕಬಾರದು.

ಮತ್ತೆ ಆ ಬರೆಯ ಪ್ರಶ್ನೆ. 1955ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಕಾಮಾಲೆ ಹಬ್ಬಿ 1956ರ ಜನವರಿಯವರೆಗೆ ಸುಮಾರು 29,300 ಜನರಿಗೆ ತಗುಲಿತು. ಪ್ರವಾಹದಿಂದ ಯಮುನೆಯ ಪಾತ್ರ ಸರಿದು, ಚರಂಡಿಯ ಹೊಲಸು ಕುಡಿಯುವ ನೀರು ಎತ್ತುವ ಸ್ಥಳಕ್ಕೆ ಸೇರಿತ್ತು. ಅಂದು ತೆಗೆದಿರಿಸಿದ್ದ ರಕ್ತದ ಮಾದರಿಗಳನ್ನು ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಯ ವಿಜ್ಞಾನಿಗಳೂ ಸೇರಿದ ತಂಡವೊಂದು ಪರೀಕ್ಷಿಸಿ, ಆಗ ತಿಳಿದಿದ್ದ ವೈರಸ್ಸುಗಳಾವುವೂ ಇದಕ್ಕೆ ಕಾರಣವಲ್ಲವೆಂದು 1980ರಲ್ಲಿ ಹೇಳಿತು. ಅದು ಇಂದು ಹೆಪಟೈಟಿಸ್ ಇ ಎನಿಸಿಕೊಂಡಿದೆ. ಕೆಟ್ಟ ನೀರಿನಿಂದ ಬರುವ ಈ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ತುಂಬು ಗರ್ಭಿಣಿಯರಲ್ಲಿ ಐವರಲ್ಲಿ ಒಬ್ಬರನ್ನು ಬಲಿ ತೆಗೆದುಕೊಳ್ಳುವಷ್ಟು ಕ್ರೂರವಾಗಬಲ್ಲದು. ನನ್ನ ಸೋದರಮಾವನಿಗೂ ಆ ಹೆಣ್ಣುಮಗಳಿಗೂ ಬಂದುದು ಇದೇ ಇದ್ದೀತೆಂದು ಈಗ ಊಹಿಸಬಲ್ಲೆ. ಅವರಿಬ್ಬರೂ ಕುಡಿದದ್ದು ಒಂದೇ ಕೆರೆಯ ನೀರು. ಬರೆ ಒಬ್ಬರನ್ನು ಉಳಿಸಲಿಲ್ಲ, ಇನ್ನೊಬ್ಬರನ್ನು ಆಸ್ಪತ್ರೆಯಿಂದ ದೂರವಿರಿಸಿತು.

ಎಲ್ಲ ಕಾಮಾಲೆಯೂ ತಾನಾಗಿ ಇಳಿಯುವಂಥದಲ್ಲ. ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ ಬರುವ ಹೆಪಟೈಟಿಸ್ ಬಿ ವರ್ಷಗಟ್ಟಲೆ ಸುಳಿವು ಕೊಡದೆ ಉಳಿದು ಯಕೃತ್ತನ್ನು ಗಡುಸು ಮಾಡುತ್ತದೆ. ಅದರ ಗುರುತನ್ನು ರಕ್ತದಲ್ಲಿ ಕಂಡುಹಿಡಿದ ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದಕ್ಕೆ ಲಸಿಕೆಯಿದೆ; 2011ರಿಂದ ಭಾರತದ ಎಲ್ಲ ರಾಜ್ಯಗಳ ಶಿಶುಗಳಿಗೂ ಸರ್ಕಾರದ ವತಿಯಿಂದ ದೊರೆಯುತ್ತಿದೆ. 1989ರಲ್ಲಿ ಪತ್ತೆಯಾದ ಸಿ ವೈರಸ್ಸಿಗೆ ಲಸಿಕೆಯಿಲ್ಲ, ಆದರೆ ಕೆಲವು ವಾರಗಳ ಗುಳಿಗೆಯಿಂದ ಅದು ಗುಣವಾಗುತ್ತದೆ. ಎರಡಕ್ಕೂ ಉಚಿತ ಪರೀಕ್ಷೆ ಮತ್ತು ಚಿಕಿತ್ಸೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರಲ್ಲಿ ಆರಂಭವಾಯಿತು. ಹಿಂದೆಂದಾದರೂ ರಕ್ತ ಹಾಕಿಸಿಕೊಂಡವರು, ಮನೆಯಲ್ಲಿ ಯಕೃತ್ತಿನ ರೋಗದಿಂದ ಯಾರಾದರೂ ತೀರಿಹೋದವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ.

ನೆಲನೆಲ್ಲಿಯ ವಿಷಯ ಕೇಳುವಿರಿ. ಅದೇ ಬ್ಲಂಬರ್ಗ್ ಮದ್ರಾಸಿನ ವಿಜ್ಞಾನಿಗಳೊಡನೆ ಸೇರಿ ನೆಲನೆಲ್ಲಿಯ ಜಾತಿಯ ಗಿಡವೊಂದನ್ನು ಪರೀಕ್ಷಿಸಿ 1988ರಲ್ಲಿ ಬಹು ಆಶಾದಾಯಕವಾದ ಫಲವನ್ನು ಪ್ರಕಟಿಸಿದ್ದನು. ಆ ಬಳಿಕ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಕಂಡುಬರಲಿಲ್ಲ. ಗಿಡಮೂಲಿಕೆ ಎಂದ ಮಾತ್ರಕ್ಕೆ ಯಕೃತ್ತು ಅದನ್ನು ಕೆತ್ತದೆ ಬಿಡುವುದಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಬಹುದಿನ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ನೀವು ಸೇವಿಸುವ ಪ್ರತಿಯೊಂದು ಕಷಾಯದ ಹೆಸರನ್ನೂ ವೈದ್ಯರಿಂದ ಮುಚ್ಚಿಡಬೇಡಿರಿ.

ಮದ್ಯ ಮಾಂಸಗಳನ್ನು ಮುಟ್ಟದ ನಮಗೆ ಯಕೃತ್ತಿನ ಭಯವಿಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮದ್ಯಪಾನಿಗಳದೆಂದು ಭಾವಿಸಿದ್ದ ಕೊಬ್ಬು ತುಂಬಿದ, ಉರಿಯೂತಗೊಂಡ ಯಕೃತ್ತನ್ನು ಮದ್ಯಪಾನಿಗಳಲ್ಲದವರಲ್ಲಿ ಕಂಡು ಅಮೆರಿಕದ ಲುಡ್ವಿಗ್ ಎಂಬ ವೈದ್ಯನೂ ಅವನ ಸಂಗಡಿಗರೂ 1980ರಲ್ಲಿಯೇ ಅದಕ್ಕೆ ಪ್ರತ್ಯೇಕ ಹೆಸರು ಕೊಟ್ಟರು. ಬೊಜ್ಜು, ಸಕ್ಕರೆ ಕಾಯಿಲೆ, ಕುಳಿತಲ್ಲಿಯೇ ಕುಳಿತ ಬದುಕು ಇದರ ಬೇರು. ಬರ್ನಾರ್ಡ್ ಕಂಡ ಉಗ್ರಾಣ ಇದೇ ತಾನೇ? ಬೇಕಾದುದಕ್ಕಿಂತ ಹೆಚ್ಚು ಅನ್ನ, ಸಕ್ಕರೆ, ಹೋಳಿಗೆ ತುಪ್ಪಗಳು ಬಂದರೆ ಯಕೃತ್ತು ಅವನ್ನು ಕೊಬ್ಬಾಗಿ ಕೂಡಿಡುತ್ತದೆ. ಇದನ್ನು ತೊಳೆಯುವ ಪುಡಿಯಿಲ್ಲ. ಮೈತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿದರೆ ಮಾತ್ರ ಯಕೃತ್ತು ಗಮನಾರ್ಹವಾಗಿ ಸುಧಾರಿಸುತ್ತದೆ. ಕಾಫಿಪ್ರಿಯರಿಗೆ ಒಂದು ಸಮಾಧಾನ: ಕಾಫಿ ಕುಡಿಯುವವರಲ್ಲಿ ಯಕೃತ್ತು ಗಡುಸಾಗುವುದು ಕಡಿಮೆಯೆಂದು ಅನೇಕ ಅಧ್ಯಯನಗಳು ಹೇಳುತ್ತವೆ. ಮೂರು ಚಮಚ ಸಕ್ಕರೆಯ ಕಾಫಿಗೆ ಈ ಮಾತು ಅನ್ವಯಿಸದೆಂದು ತಿಳಿಯುವುದು ಕ್ಷೇಮ.

ಕೊನೆಯದಾಗಿ ಪಾವ್ಲೋವನ ನಾಯಿಗಳಿಂದ ಬಂದ ಒಂದು ತಪ್ಪು ಪಾಠವನ್ನು ಹೇಳಬೇಕು. ಪ್ರೋಟೀನೇ ನಂಜಾಯಿತಲ್ಲ ಎಂದು ವೈದ್ಯರು ದಶಕಗಳ ಕಾಲ ಯಕೃತ್ತು ಗಡುಸಾದ ರೋಗಿಗಳಿಗೆ ಬೇಳೆ ಹಾಲುಗಳನ್ನು ನಿಲ್ಲಿಸುತ್ತಿದ್ದರು. ನಮ್ಮ ಕಾಮಣಿ ಪಥ್ಯವೂ ಅದನ್ನೇ ಹೇಳುತ್ತಿತ್ತು. ಈಗ ಆ ಮತ ಬಿದ್ದುಹೋಗಿದೆ. ಅಂತಹ ರೋಗಿ ಸೊರಗಿದಷ್ಟೂ ಅಮೋನಿಯಾ ಹೆಚ್ಚುತ್ತದೆ, ಏಕೆಂದರೆ ಅದನ್ನು ಸ್ವಲ್ಪಮಟ್ಟಿಗೆ ಹಿಡಿಯುವ ಮಾಂಸಖಂಡಗಳೂ ಕರಗಿಹೋಗುತ್ತವೆ. ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಮ್ ಪ್ರೋಟೀನು ಬೇಕೆಂಬುದು ಇಂದಿನ ಸಲಹೆ. ಬೇಳೆಕಾಳು, ಮೊಸರುಗಳ ಪ್ರೋಟೀನು ಅವರಿಗೆ ಹೆಚ್ಚು ಒಗ್ಗುತ್ತದೆ. ಆದುದರಿಂದ ಮನೆಯಲ್ಲಿ ಕಾಮಾಲೆಯಾದವರಿದ್ದರೆ ಬೇಳೆಯ ಕಟ್ಟು, ಮೊಸರನ್ನ ಕೊಡಲು ಅಂಜಬೇಡಿರಿ. ಅವರನ್ನು ಗಮನವಿಟ್ಟು ನೋಡುತ್ತಿರಿ. ರಾತ್ರಿ ಎಚ್ಚರವಿದ್ದು ಹಗಲೆಲ್ಲ ನಿದ್ರಿಸತೊಡಗಿದರೆ, ಮಾತು ತೊದಲಿದರೆ, ಚಾಚಿದ ಕೈ ರೆಕ್ಕೆಯಂತೆ ಅದುರಿದರೆ, ಸೌಮ್ಯ ಸ್ವಭಾವದವರು ಅಕಾರಣವಾಗಿ ಸಿಡುಕಿದರೆ, ಅಮೋನಿಯಾ ಮಿದುಳಿಗೆ ಮುಟ್ಟಿದೆ ಎಂದು ತಿಳಿದು, ಬರೆಯವರ ಮನೆಗಲ್ಲ, ಅದೇ ಗಳಿಗೆಯಲ್ಲಿ ಜಿಲ್ಲಾ ಆಸ್ಪತ್ರೆಗೆ ಗಾಡಿ ಹೂಡಿಸಿರಿ. ನುಂಗುತ್ತಿದ್ದ ಎಲ್ಲ ಔಷಧಿಗಳ ಚೀಟಿ ಶೀಸೆಗಳನ್ನೂ ಜೊತೆಗೆ ಒಯ್ಯಿರಿ.